ಹಳೆಯ ಶೈಲಿಯ ಕೈಗಡಿಯಾರದ ಬೆಳಗುವ ಗುರುತುಗಳು: ಮನೆಯಲ್ಲಿ ಸರಿಪಡಿಸಲು ಯಾವ ದಾರಿ ಸೂಕ್ತ?

ಬೆಂಗಳೂರಿನಲ್ಲಿ ‘ರೇಡಿಯಂ’ ಎಂಬ ಪದವನ್ನು ನಾವು ಬಹಳ ಸಡಿಲವಾಗಿ ಬಳಸುತ್ತೇವೆ. ಸ್ಕೂಟರಿನ ಹಿಂಬದಿಗೆ ಅಂಟಿಸುವ ಹೊಳೆಯುವ ಸ್ಟಿಕ್ಕರ್ ರೇಡಿಯಂ, ನಂಬರ್ ಪ್ಲೇಟಿನ ಅಕ್ಷರ ರೇಡಿಯಂ, ಮಕ್ಕಳ ಕೋಣೆಯ ಛಾವಣಿಯಲ್ಲಿ ಮಿನುಗುವ ಪ್ಲಾಸ್ಟಿಕ್ ನಕ್ಷತ್ರ ರೇಡಿಯಂ, ಕೈಗಡಿಯಾರದಲ್ಲಿ ಕತ್ತಲಾದಾಗ ಬೆಳಗುವ ಅಂಕಿಗಳೂ ರೇಡಿಯಂ. ಇವುಗಳಲ್ಲಿ ಮೊದಲ ಮೂರರಲ್ಲಿ ಆ ಧಾತುವಿನ ಲವಲೇಶವೂ ಇರುವುದಿಲ್ಲ. ನಾಲ್ಕನೆಯದರಲ್ಲಿ, ಗಡಿಯಾರ ಸಾಕಷ್ಟು ಹಳೆಯದಾಗಿದ್ದರೆ, ನಿಜವಾಗಿಯೂ ಇರಬಹುದು. ಮನೆಯ ಮೇಜಿನ ಮೇಲೆ ಡಯಲ್ ಬಿಚ್ಚಿಟ್ಟು ಗುರುತುಗಳಿಗೆ ಹೊಸ ಬಣ್ಣ ತುಂಬಬೇಕೆಂದು ಹೊರಟವರು ಎಲ್ಲಕ್ಕಿಂತ ಮೊದಲು ಬಿಡಿಸಿಕೊಳ್ಳಬೇಕಾದ ಗೊಂದಲ ಇದು, ಏಕೆಂದರೆ ಮುಂದಿನ ಎಲ್ಲ ಆಯ್ಕೆಗಳೂ ಇದರ ಉತ್ತರವನ್ನೇ ಅವಲಂಬಿಸಿವೆ.

ಈ ಮಾರ್ಗದರ್ಶಿಯನ್ನು ಮುಖ್ಯವಾಗಿ ಹಳೆಯ ಶೈಲಿಯಲ್ಲಿ ಹೊಸದಾಗಿ ತಯಾರಾದ ಗಡಿಯಾರಗಳನ್ನು ಇಟ್ಟುಕೊಂಡವರಿಗಾಗಿ ಬರೆಯುತ್ತಿದ್ದೇನೆ. ಕಪ್ಪು ಡಯಲ್, ದೊಡ್ಡ ಅಂಕಿಗಳು, ಹನ್ನೆರಡರ ಜಾಗದಲ್ಲಿ ತ್ರಿಕೋನ, ಕೆನೆ ಬಣ್ಣದ ಗುರುತುಗಳಿರುವ ಪೈಲಟ್ ಅಥವಾ ಸೈನಿಕ ಮಾದರಿಯ ಈ ಗಡಿಯಾರಗಳು ನೋಡಲು ಚೆನ್ನಾಗಿರುತ್ತವೆ. ಆದರೆ ಅಗ್ಗದ ಮಾದರಿಗಳಲ್ಲಿ ಬೆಳಗುವ ಬಣ್ಣವನ್ನು ಎಷ್ಟು ತೆಳುವಾಗಿ ಮುದ್ರಿಸಿರುತ್ತಾರೆಂದರೆ ದೀಪ ಆರಿಸಿದ ಹತ್ತು ನಿಮಿಷಕ್ಕೆ ಅಂಕಿಗಳು ಕಾಣದಂತಾಗುತ್ತವೆ. ಜೊತೆಗೆ, ತಂದೆಯವರ ಕಾಲದ ಎಚ್‌ಎಂಟಿ ಗಡಿಯಾರ ಮನೆಯಲ್ಲಿರುವವರ ಪ್ರಶ್ನೆಯನ್ನೂ ಬಿಡಲಾಗದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಈ ಊರಿನಲ್ಲೇ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ ಆರಂಭವಾದ್ದರಿಂದ, ಅಂಥ ಗಡಿಯಾರವೊಂದು ಬೀರುವಿನ ಮೂಲೆಯಲ್ಲಿ ಇಲ್ಲದ ಹಳೆಯ ಬೆಂಗಳೂರಿನ ಮನೆ ಅಪರೂಪ.

ಡಯಲಿನ ಮೇಲೆ ಇರುವುದೇನು

1898ರಲ್ಲಿ ಕ್ಯೂರಿ ದಂಪತಿ ರೇಡಿಯಂ ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ಅದನ್ನು ಸತುವಿನ ಸಲ್ಫೈಡ್ ಪುಡಿಯೊಂದಿಗೆ ಬೆರೆಸಿ ಗಡಿಯಾರಗಳಿಗೆ ಬಳಿಯುವುದು ಆರಂಭವಾಯಿತು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದ ಕಾರ್ಖಾನೆಯಲ್ಲಿ ಡಯಲ್‌ಗಳಿಗೆ ಬಣ್ಣ ತುಂಬುತ್ತಿದ್ದ ಯುವತಿಯರು ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಿಕೊಳ್ಳುತ್ತಿದ್ದರು. ಕ್ಯಾಲ್ಸಿಯಂನಂತೆಯೇ ವರ್ತಿಸುವ ರೇಡಿಯಂ ಅವರ ದವಡೆ ಮತ್ತು ಮೂಳೆಗಳಲ್ಲಿ ಸೇರಿಕೊಂಡು 1920ರ ದಶಕದಲ್ಲಿ ಹಲವರ ಪ್ರಾಣ ತೆಗೆಯಿತು. ಹೀಗಿದ್ದರೂ ಗಡಿಯಾರಗಳಲ್ಲಿ ರೇಡಿಯಂ ಬಳಕೆ 1960ರ ದಶಕದವರೆಗೂ ನಡೆಯಿತು. ರೇಡಿಯಂ–226ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 1600 ವರ್ಷ, ಅದರೊಂದಿಗಿರುವ ಸತುವಿನ ಸಲ್ಫೈಡಿನ ಹರಳುಗಳಾದರೋ ಕೆಲವು ದಶಕಗಳಲ್ಲೇ ಕೆಟ್ಟುಹೋಗುತ್ತವೆ. ಆದ್ದರಿಂದ ಅಜ್ಜನ ಗಡಿಯಾರ ಈಗ ಕತ್ತಲಲ್ಲಿ ಬೆಳಗದೆ ಇರುವುದನ್ನು ಕಂಡು ಅದರ ವಿಕಿರಣವೂ ಮುಗಿದಿದೆ ಎಂದು ಭಾವಿಸುವುದು ಅಪಾಯಕಾರಿ ತಪ್ಪು.

ರೇಡಿಯಂ ನಂತರ ಬಂದ ಟ್ರಿಟಿಯಂ, ಅಂದರೆ ಹೈಡ್ರೋಜನ್ನಿನ ವಿಕಿರಣಶೀಲ ರೂಪ, ಅಷ್ಟು ಕ್ರೂರವಲ್ಲ. ಅದರ ಅರ್ಧಾಯುಷ್ಯ 12.3 ವರ್ಷ ಮಾತ್ರ, ಅದರ ಕಿರಣ ಗಾಜನ್ನು ದಾಟುವುದಿಲ್ಲ, ಮತ್ತು ಸ್ವಿಸ್ ಗಡಿಯಾರಗಳಲ್ಲಿ ಡಯಲಿನ ಕೆಳತುದಿಯಲ್ಲಿ ‘ಟಿ’ ಎಂಬ ಇಂಗ್ಲಿಷ್ ಅಕ್ಷರ ಅದನ್ನು ಸೂಚಿಸುತ್ತದೆ. ಆದರೂ ಅದರ ಪುಡಿಯನ್ನು ಉಸಿರಾಡುವುದು ಒಳ್ಳೆಯದಲ್ಲ. 1993ರಲ್ಲಿ ಜಪಾನಿನ ನೆಮೊಟೊ ಕಂಪನಿ ಸ್ಟ್ರಾನ್ಷಿಯಂ ಅಲ್ಯೂಮಿನೇಟ್ ಆಧಾರಿತ ಲ್ಯೂಮಿನೋವಾ ಪುಡಿಯನ್ನು ಹೊರತಂದ ಮೇಲೆ ಈ ಚಿಂತೆ ದೂರವಾಯಿತು. ಬೆಳಕನ್ನು ಹೀರಿಕೊಂಡು ನಿಧಾನವಾಗಿ ಹೊರಬಿಡುವ ಈ ಪುಡಿಯಲ್ಲಿ ವಿಕಿರಣವೇ ಇಲ್ಲ. ಇಂದಿನ ಸೂಪರ್ ಲ್ಯೂಮಿನೋವಾ ಇದೇ ವಂಶದ್ದು, ಸೀಕೋದ ಲ್ಯೂಮಿಬ್ರೈಟ್ ಕೂಡ ಇದೇ ಬಗೆಯದು.

ಗುರುತಿಸಲು ಸರಳವಾದ ಒಂದು ಪರೀಕ್ಷೆಯಿದೆ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಗಡಿಯಾರ ಮುಚ್ಚಿದ್ದಂತೆಯೇ ಕತ್ತಲೆಯ ಕೋಣೆಯಲ್ಲಿ ಹತ್ತು ಸೆಕೆಂಡು ಡಯಲಿನ ಮೇಲೆ ಹಿಡಿದು ಆರಿಸಿರಿ. ಗುರುತುಗಳು ನಿಮಿಷಗಟ್ಟಲೆ ಹಸಿರಾಗಿ ಉಳಿದರೆ ಮೇಲಿರುವುದು ಆಧುನಿಕ ಪುಡಿ. ಟಾರ್ಚ್ ಆರಿದ ಕೂಡಲೇ ಕತ್ತಲಾದರೆ, ಅಥವಾ ಬೆಳಗದೆಯೇ ಹೋದರೆ, ಹಳೆಯ ಬಣ್ಣವೆಂದು ಸಂಶಯಪಡಬೇಕು. ಮುಳ್ಳುಗಳು ವರ್ಷಗಟ್ಟಲೆ ಒಂದೇ ಕಡೆ ನಿಂತಿದ್ದ ಜಾಗದಲ್ಲಿ ಡಯಲಿನ ಮೇಲೆ ಮುಳ್ಳಿನ ಆಕಾರದ ಕಂದು ಕಲೆ ಮೂಡಿದ್ದರೆ ಅದು ರೇಡಿಯಂನ ಬಲವಾದ ಸೂಚನೆ. ಪರೀಕ್ಷೆಗೂ ಮಿತಿಯಿದೆ: ಹಿಂದೆ ಯಾರಾದರೂ ರೇಡಿಯಂ ಕೆರೆದು ಹೊಸ ಬಣ್ಣ ತುಂಬಿದ್ದರೆ ಗುರುತು ಹಸಿರಾಗಿ ಬೆಳಗುತ್ತದೆ, ಆದರೆ ಹಳೆಯ ಪುಡಿ ಕೇಸಿನೊಳಗೆ ಉಳಿದಿರಬಹುದು. ವಿಕಿರಣವನ್ನು ಅಳೆಯುವ ಗೈಗರ್ ಕೌಂಟರ್ ಲಭ್ಯವಿದ್ದರೆ ಸಂಶಯ ಉಳಿಯದು, ಏಕೆಂದರೆ ರೇಡಿಯಂನಿಂದ ಹೊಮ್ಮುವ ಗಾಮಾ ಕಿರಣಗಳು ಗಾಜನ್ನು ದಾಟಿ ಬರುತ್ತವೆ.

ನಾನು ಪಾಲಿಸುವ ನಿಯಮ ಕಟ್ಟುನಿಟ್ಟಾದದ್ದು. 1970ಕ್ಕಿಂತ ಹಿಂದಿನ, ಬೆಳಗುವ ಗುರುತುಗಳಿದ್ದು ಅದರ ಮೂಲ ನಿಶ್ಚಿತವಾಗಿ ತಿಳಿಯದ ಯಾವ ಗಡಿಯಾರವನ್ನೂ ಮನೆಯಲ್ಲಿ ತೆರೆಯುವುದಿಲ್ಲ, ಅದರ ಗುರುತುಗಳನ್ನು ಕೆರೆಯುವ ಮಾತಂತೂ ಇಲ್ಲವೇ ಇಲ್ಲ. ಊಟದ ಮೇಜಿನ ಮೇಲೆ ಉದುರಿದ ಆ ಪುಡಿಯನ್ನು ಗುಡಿಸಿ ತೆಗೆಯುವ ಸುರಕ್ಷಿತ ವಿಧಾನ ನಮ್ಮ ಮನೆಗಳಲ್ಲಿ ಇಲ್ಲ. ಇಲ್ಲಿಂದ ಮುಂದೆ ಹೇಳುವ, ಗಡಿಯಾರವನ್ನು ತೆರೆದು ಮಾಡುವ ಕೆಲಸವೆಲ್ಲ ಆಧುನಿಕ ಬಣ್ಣವಿರುವ ಗಡಿಯಾರಗಳಿಗೆ ಮಾತ್ರ ಅನ್ವಯಿಸುತ್ತದೆ.

ಇದ್ದಂತೆಯೇ ಬಿಡುವುದು, ಅಥವಾ ಹಿಡಿದು ನಿಲ್ಲಿಸುವುದು

ಗುರುತುಗಳು ಮಂಕಾಗಿದ್ದರೂ ಅಂಚು ಒಡೆಯದೆ ಗಟ್ಟಿಯಾಗಿದ್ದರೆ, ಮತ್ತು ಗಡಿಯಾರ ಮೂಲ ಸ್ಥಿತಿಯಲ್ಲಿರುವ ಹಳೆಯ ವಸ್ತುವಾಗಿದ್ದರೆ, ಏನನ್ನೂ ಮಾಡದಿರುವುದು ಗೌರವದ ಆಯ್ಕೆ. ಹಳೆಯ ಎಚ್‌ಎಂಟಿಗಳ ಮಾರುಕಟ್ಟೆಯಲ್ಲಿ ಮರುಮುದ್ರಿತ ಡಯಲ್‌ಗಳು ಎಷ್ಟು ತುಂಬಿವೆಯೆಂದರೆ, ಕೈ ತಾಗದ ಮೂಲ ಡಯಲ್, ಕಲೆಗಳಿದ್ದರೂ, ಹೊಸದಾಗಿ ಹೊಳೆಯುವ ಡಯಲಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಮುಳ್ಳುಗಳೊಳಗಿನ ಬಣ್ಣ ಬಿರುಕು ಬಿಟ್ಟು ಉದುರುವ ಸ್ಥಿತಿಯಲ್ಲಿದ್ದರೆ ಮಾತು ಬೇರೆ. ಉದುರಿದ ಕಣ ಡಯಲಿನ ಮಧ್ಯದ ರಂಧ್ರದ ಮೂಲಕ ಯಂತ್ರದೊಳಗೆ ಇಳಿದರೆ ಗಡಿಯಾರವೇ ನಿಲ್ಲಬಹುದು. ಆಗ ಮುಳ್ಳನ್ನು ತೆಗೆದು, ಮಗುಚಿ, ಹಿಂಬದಿಯಿಂದ ತೆಳುವಾದ ವಾರ್ನಿಷಿನ ಒಂದು ಹನಿಯನ್ನು ಹರಿಸಿದರೆ ಬಿರುಕುಗಳು ಹಿಡಿದು ನಿಲ್ಲುತ್ತವೆ. ಮುಂಬದಿಯ ಹಳೆಯ ಬಣ್ಣ ಹಾಗೆಯೇ ಉಳಿಯುತ್ತದೆ. ಬೆಳಕು ಹೆಚ್ಚುವುದಿಲ್ಲ, ಆದರೆ ಏನೂ ಹಾಳಾಗುವುದಿಲ್ಲ.

ಪುಡಿ ಮತ್ತು ವಾರ್ನಿಷ್

ಹಳೆಯ ಶೈಲಿಯ ಹೊಸ ಗಡಿಯಾರಕ್ಕೆ ನಾನು ಮೊದಲು ಸೂಚಿಸುವ ದಾರಿ ಇದೇ. ಸ್ಟ್ರಾನ್ಷಿಯಂ ಅಲ್ಯೂಮಿನೇಟ್ ಪುಡಿಯನ್ನೂ ಅದಕ್ಕೆ ಹೊಂದುವ ಪಾರದರ್ಶಕ ವಾರ್ನಿಷನ್ನೂ ಒಟ್ಟಿಗೆ ಮಾರುವ ಚಿಕ್ಕ ಕಿಟ್‌ಗಳನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು, ಮತ್ತು ಒಂದು ಕಿಟ್ ಹತ್ತಾರು ಗಡಿಯಾರಗಳಿಗೆ ಸಾಕಾಗುತ್ತದೆ.

ಮೊದಲು ಬಣ್ಣದ ಆಯ್ಕೆ. ಸಿ3 ಎಂಬ ಬಗೆ ಹಗಲಿನಲ್ಲಿ ತಿಳಿ ಹಳದಿ ಹಸಿರಾಗಿ ಕಾಣುತ್ತದೆ ಮತ್ತು ರಾತ್ರಿ ಎಲ್ಲಕ್ಕಿಂತ ಪ್ರಖರವಾಗಿ ಹಸಿರು ಬೆಳಗುತ್ತದೆ. ಬಿಜಿಡಬ್ಲ್ಯೂ9 ಹಗಲಿನಲ್ಲಿ ಬಿಳಿ, ರಾತ್ರಿ ನೀಲಿ. ಹಳೆಯ ಕಾಲದ ಕೆನೆ ಅಥವಾ ಜೇನಿನ ಬಣ್ಣ ಬೇಕೆನ್ನುವವರು ಸಿ3ಗೆ ಕಲಾವಿದರು ಬಳಸುವ ಒಣ ವರ್ಣಪುಡಿಯನ್ನು, ಹಳದಿ ಓಕರ್ ಅಥವಾ ಕಂದು ಅಂಬರನ್ನು, ಸೂಜಿಯ ಮೊನೆಯಷ್ಟು ಸೇರಿಸುತ್ತಾರೆ. ಬೆರೆಸಿದ ಪ್ರತಿಯೊಂದು ವರ್ಣವೂ ಬೆಳಕನ್ನು ಕಡಿಮೆ ಮಾಡುತ್ತದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಹಗಲಿನ ಚೆಲುವು ಮತ್ತು ರಾತ್ರಿಯ ಉಪಯೋಗ ಇವೆರಡರಲ್ಲಿ ಯಾವುದು ಮುಖ್ಯ ಎಂದು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ನಾನಾದರೆ ಬಣ್ಣ ಬೆರೆಸದ ಸಿ3ಯನ್ನೇ ಆರಿಸುತ್ತೇನೆ, ಏಕೆಂದರೆ ಅದರ ಹಗಲಿನ ಬಣ್ಣ ಹಳೆಯ ಕೆನೆ ಬಣ್ಣಕ್ಕೆ ತೀರ ದೂರವಾದದ್ದೇನಲ್ಲ.

ಪುಡಿಯ ಎರಡು ಗುಣಗಳನ್ನು ಅರಿತವರು ಅರ್ಧ ಕೆಲಸ ಗೆದ್ದಂತೆ. ಮೊದಲನೆಯದು, ಇದರ ಕಣ ದೊಡ್ಡದಾದಷ್ಟೂ ಬೆಳಕು ಹೆಚ್ಚು. ನುಣುಪಾಗಲೆಂದು ಅರೆದರೆ ಬೆಳಗುವ ಶಕ್ತಿಯನ್ನೇ ಅರೆದು ಹಾಕಿದಂತೆ. ಆದ್ದರಿಂದ ಬೆರೆಸುವಾಗ ಒತ್ತದೆ, ಲೋಹದ ಉಪಕರಣ ಬಳಸದೆ, ಮರದ ಅಥವಾ ಗಾಜಿನ ಕಡ್ಡಿಯಿಂದ ನಿಧಾನವಾಗಿ ತಿರುವಬೇಕು. ಎರಡನೆಯದು, ಲೇಪನವಿಲ್ಲದ ಪುಡಿಗೆ ನೀರು ಶತ್ರು. ತೇವ ತಾಗಿದರೆ ಅದರ ರಾಸಾಯನಿಕ ರಚನೆಯೇ ಬದಲಾಗಿ ಬೆಳಗುವ ಗುಣ ಹೋಗುತ್ತದೆ. ನೀರಿನಲ್ಲಿ ಕರಗುವ ಅಕ್ರಿಲಿಕ್ ಮಾಧ್ಯಮ ಎಷ್ಟೇ ಅನುಕೂಲಕರವಾಗಿ ಕಂಡರೂ ಬೇಡವೆನ್ನಲು ಇದೇ ಕಾರಣ. ಪುಡಿಯ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಹಾಕಿಟ್ಟರೆ ನಮ್ಮ ಮಳೆಗಾಲವನ್ನೂ ಅದು ದಾಟುತ್ತದೆ.

ಪುಡಿ ಮತ್ತು ವಾರ್ನಿಷನ್ನು ತೂಕದಲ್ಲಿ ಸಮಸಮವಾಗಿ ತೆಗೆದುಕೊಂಡು ಆರಂಭಿಸಿ, ಇಡ್ಲಿ ಹಿಟ್ಟಿನ ಹದಕ್ಕೆ ಬರುವಂತೆ ಹೊಂದಿಸಿಕೊಳ್ಳಬೇಕು. ದೋಸೆ ಹಿಟ್ಟಿನಷ್ಟು ತೆಳುವಾದರೆ ಭಾರವಾದ ಪುಡಿ ತಳಕ್ಕೆ ಇಳಿದು ಮೇಲೆ ಬರೀ ವಾರ್ನಿಷ್ ಉಳಿಯುತ್ತದೆ. ಹೆಚ್ಚು ಗಟ್ಟಿಯಾದರೆ ಹನಿ ಹರಡದೆ ಗಂಟುಗಂಟಾಗುತ್ತದೆ. ಒಂದು ಸಲಕ್ಕೆ ಸಾಸಿವೆ ಕಾಳಿನ ಗಾತ್ರದ ಎರಡು ಮೂರು ಹನಿಗಳಷ್ಟು ಮಾತ್ರ ಬೆರೆಸಿಕೊಳ್ಳಿ, ಏಕೆಂದರೆ ಗಾಜಿನ ಚೂರಿನ ಮೇಲೆ ಅದು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗತೊಡಗುತ್ತದೆ.

ಡಯಲಿನ ವಿಷಯದಲ್ಲಿ ಒಂದು ಮುಖ್ಯ ಸಲಹೆ: ಹೊಸ ಗಡಿಯಾರದ ಮುದ್ರಿತ ಗುರುತುಗಳನ್ನು ಕೆರೆದು ತೆಗೆಯಬೇಡಿ. ಅವುಗಳ ಮೇಲೆಯೇ ಹೊಸ ಪದರ ಕೂರಿಸಿರಿ. ಹಳೆಯ ಮುದ್ರಣ ಅಚ್ಚಿನಂತೆ ಗಡಿ ತೋರಿಸುತ್ತದೆ, ಬಿಳಿಯ ತಳವಾಗಿ ಬೆಳಕನ್ನು ಹಿಂದಕ್ಕೆ ಕಳಿಸಿ ಪ್ರಖರತೆಯನ್ನೂ ಹೆಚ್ಚಿಸುತ್ತದೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ (ಐ ಗ್ಲಾಸ್) ಹಾಕಿಕೊಂಡು, ಗಡಿಯಾರಕ್ಕೆ ಎಣ್ಣೆ ಬಿಡುವ ಸೂಜಿಯ ಚಪ್ಪಟೆ ತುದಿಯಲ್ಲಿ ಒಂದು ಹನಿ ಎತ್ತಿ, ಹನ್ನೆರಡರ ತ್ರಿಕೋನದ ಮಧ್ಯಕ್ಕೆ ಮುಟ್ಟಿಸಿದಾಗ ಆಗುವುದನ್ನು ಗಮನಿಸಿ. ಹನಿ ಮೊದಲು ಗುಂಡಾಗಿ ನಿಂತು, ಆಮೇಲೆ ಸೂಜಿಯ ಮೊನೆ ಕರೆದುಕೊಂಡು ಹೋದ ಕಡೆಗೆ ಮೂಲೆಯವರೆಗೆ ಹರಿದು, ಮುದ್ರಣದ ಅಂಚಿನಲ್ಲಿ ತಾನಾಗಿಯೇ ನಿಲ್ಲುತ್ತದೆ. ಬಳಿಯುವ ಪ್ರಯತ್ನ ಮಾಡದೆ ಹೀಗೆ ಹನಿಯನ್ನು ದಾರಿ ತೋರಿಸಿ ಕರೆದೊಯ್ಯಬೇಕು. ಅಂಚು ಮೀರಿದರೆ ಒರೆಸಬಾರದು, ಪೂರ್ತಿ ಒಣಗಿದ ಮೇಲೆ ಚೂಪು ಮಾಡಿದ ಮರದ ಕಡ್ಡಿಯಿಂದ ಮೀರಿದ ಭಾಗವನ್ನಷ್ಟೇ ಎಬ್ಬಿಸಬೇಕು.

ಮುಳ್ಳುಗಳಿಗೆ ಹಿಂಬದಿಯಿಂದ ತುಂಬಬೇಕು. ಮುಳ್ಳನ್ನು ಮಗುಚಿ ಹಿಡಿದು, ಅದರ ಚೌಕಟ್ಟಿನ ಒಂದು ತುದಿಯಿಂದ ಇನ್ನೊಂದಕ್ಕೆ ಹನಿಯನ್ನು ಎಳೆದರೆ ಸೋಪಿನ ನೀರಿನ ಪೊರೆಯಂತೆ ಅದು ಎರಡು ಅಂಚುಗಳ ನಡುವೆ ಸೇತುವೆ ಕಟ್ಟಿ ನಿಲ್ಲುತ್ತದೆ. ದಪ್ಪದ ಒಂದು ಪದರಕ್ಕಿಂತ ತೆಳುವಾದ ಎರಡು ಪದರಗಳು ಮೇಲು, ನಡುವೆ ಒಂದು ರಾತ್ರಿ ಬಿಡಬೇಕು. ದಪ್ಪಕ್ಕೂ ಮಿತಿಯಿದೆ. ಗಂಟೆ ಮುಳ್ಳು ಡಯಲಿಗೆ ತೀರ ಹತ್ತಿರವಾಗಿ ಸುತ್ತುವುದರಿಂದ, ಉಬ್ಬಿದ ಅಂಕಿಯೊಂದು ಅದಕ್ಕೆ ತಾಗಿದರೆ ಗಡಿಯಾರ ಅಲ್ಲೇ ನಿಲ್ಲುತ್ತದೆ.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಜನವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳು ಅತ್ಯಂತ ಸೂಕ್ತ. ಮಳೆಗಾಲದ ತೇವದಲ್ಲಿ ಬೇಗ ಆರುವ ವಾರ್ನಿಷ್‌ಗಳ ಮೇಲೆ ಬೆಳ್ಳಗಿನ ಮಬ್ಬು ಕೂರುವುದುಂಟು. ಒಣ ದಿನಗಳ ತೊಂದರೆ ಧೂಳು. ಬೆಳಗ್ಗೆ ನೆಲ ಒರೆಸಿದ ಮೇಲೆ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಕೆಲಸ ಮಾಡಿ, ಮುಗಿದ ಕೂಡಲೇ ಡಯಲಿನ ಮೇಲೆ ಸ್ಟೀಲ್ ಲೋಟವೊಂದನ್ನು ಬೋರಲು ಹಾಕಿಡುವುದು ನನ್ನ ಪದ್ಧತಿ. ಲೋಟದ ಅಂಚಿನ ಕೆಳಗೆ ಬೆಂಕಿಕಡ್ಡಿಯೊಂದನ್ನು ಇಟ್ಟರೆ ದ್ರಾವಕದ ಆವಿ ಹೊರಹೋಗಲು ದಾರಿಯಾಗುತ್ತದೆ.

ಉಳಿದ ಬಣ್ಣಗಳು

ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ರೆಸಿನ್ ಅನ್ನು ಹಲವರು ಹೊಗಳುತ್ತಾರೆ, ಅದರಲ್ಲಿ ಹುರುಳಿದೆ. ನೀವು ದೀಪ ಹಿಡಿಯುವವರೆಗೂ ಅದು ಗಟ್ಟಿಯಾಗದೆ ಕಾಯುವುದರಿಂದ ಕೈ ನಡುಗುವವರಿಗೆ ಸಮಯ ಸಿಗುತ್ತದೆ, ತಪ್ಪಿದರೆ ಒರೆಸಿ ಮತ್ತೆ ಆರಂಭಿಸಬಹುದು. ಆದರೆ ಬೆಳಗುವ ಪುಡಿಯೇ ನೇರಳಾತೀತ ಬೆಳಕನ್ನು ಹೀರಿಕೊಳ್ಳುವುದರಿಂದ ದಪ್ಪ ಪದರದ ಮೇಲ್ಭಾಗ ಗಟ್ಟಿಯಾಗಿ ಒಳಭಾಗ ಜಿಗುಟಾಗಿಯೇ ಉಳಿಯುವ ಸಂಭವವಿದೆ. ಗಟ್ಟಿಯಾದ ಮೇಲೆ ತೆಗೆಯುವುದು ಕಷ್ಟ, ಗಾಜಿನಂತಹ ಹೊಳಪು ಹಳೆಯ ಶೈಲಿಯ ಮ್ಯಾಟ್ ಡಯಲಿಗೆ ಒಪ್ಪುವುದಿಲ್ಲ, ವರ್ಷಗಳು ಕಳೆದಂತೆ ಕೆಲವು ರೆಸಿನ್‌ಗಳು ಹಳದಿಯಾಗುತ್ತವೆ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಿದರೆ ಅಲರ್ಜಿಯಾಗಬಹುದಾದ್ದರಿಂದ ಕೈಗವಸು ಅಗತ್ಯ. ಹಿಂಬದಿಯಿಂದ ತುಂಬುವ ಮುಳ್ಳುಗಳಿಗೆ ಇದು ಸರಿ, ಡಯಲಿಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ಕರಕುಶಲ ಸಾಮಗ್ರಿಗಳ ಅಂಗಡಿಯಲ್ಲಿ ಸಿಗುವ, ಕತ್ತಲಲ್ಲಿ ಹೊಳೆಯುವ ಸಿದ್ಧ ಬಣ್ಣದಲ್ಲಿ ಪುಡಿಯ ಪ್ರಮಾಣ ಕಡಿಮೆ. ಕೆಲವದರಲ್ಲಿ ಬಹುಬೇಗ ಬೆಳಕು ಕಳೆದುಕೊಳ್ಳುವ ಸತುವಿನ ಸಲ್ಫೈಡ್ ಇರುತ್ತದೆ. ಒಂದು ಮಿಲಿಮೀಟರ್ ಅಗಲದ ಚುಕ್ಕೆಯಲ್ಲಿ ಅದರಿಂದ ಪ್ರಯೋಜನವಿಲ್ಲ.

ನೇಲ್ ಪಾಲಿಶನ್ನು ವಾರ್ನಿಷಿನ ಬದಲು ಬಳಸುವ ಸಲಹೆಯ ವಿರುದ್ಧ ಸ್ಪಷ್ಟವಾಗಿ ಎಚ್ಚರಿಸಬಯಸುತ್ತೇನೆ. ಅಭ್ಯಾಸಕ್ಕೆಂದು ಕೊಂಡ ಹಳೆಯ ಡಯಲೊಂದರ ಮೇಲೆ ನಾನು ಇದನ್ನು ಪರೀಕ್ಷಿಸಿದಾಗ, ಮೂರರ ಅಂಕಿಯ ಬಳಿ ಇಟ್ಟ ಹನಿಯ ದ್ರಾವಕ ಡಯಲಿನ ಮೇಲಿನ ಲ್ಯಾಕರನ್ನು ಮೆತ್ತಗೆ ಮಾಡಿತು. ಸೂಜಿ ಎತ್ತುವಾಗ ನೂಲಿನಂತೆ ಎಳೆದ ಪಾಲಿಶಿನೊಂದಿಗೆ ನಿಮಿಷದ ಗೆರೆಗಳಲ್ಲಿ ನಾಲ್ಕು ಅಳಿಸಿಹೋದವು. ಮನೆಯಲ್ಲಿ ಅವನ್ನು ಮತ್ತೆ ಬರೆಯಲು ಸಾಧ್ಯವಿಲ್ಲ. ಯಾವ ದ್ರಾವಕವನ್ನಾದರೂ ಮೊದಲು ಡಯಲಿನ ಹೊರ ಅಂಚಿನಲ್ಲಿ, ಕೇಸಿನ ಕೆಳಗೆ ಮರೆಯಾಗುವ ಜಾಗದಲ್ಲಿ ಪರೀಕ್ಷಿಸಿ ನೋಡಬೇಕೆಂಬುದನ್ನು ಅಂದಿನಿಂದ ಬಿಟ್ಟಿಲ್ಲ.

ಬದಲಾಯಿಸುವುದು, ಅಥವಾ ಬೇರೆಯವರಿಗೆ ಕೊಡುವುದು

ಗಡಿಯಾರದೊಳಗೆ ಸೀಕೋದ ಎನ್‌ಎಚ್35ನಂತಹ ಬಹುಬಳಕೆಯ ಯಂತ್ರವಿದ್ದರೆ ಬಣ್ಣ ತುಂಬಿದ ಸಿದ್ಧ ಡಯಲ್ ಮತ್ತು ಮುಳ್ಳುಗಳೇ ದೊರೆಯುತ್ತವೆ. ಡಯಲಿನ ವ್ಯಾಸ, ಹಿಂಬದಿಯ ಕಾಲುಗಳ ಸ್ಥಾನ, ಮುಳ್ಳುಗಳ ರಂಧ್ರದ ಅಳತೆ ಹೊಂದಿದರೆ ಸಾಕು. ಫಲಿತಾಂಶ ಅಚ್ಚುಕಟ್ಟಾಗಿರುತ್ತದೆ, ಆದರೆ ಗಡಿಯಾರದ ಮುಖವೇ ಬೇರೆಯಾಗುತ್ತದೆ. ಮುಳ್ಳುಗಳನ್ನು ಮಾತ್ರ ಬದಲಿಸಿ ಡಯಲನ್ನು ಉಳಿಸಿಕೊಳ್ಳುವುದು ಒಳ್ಳೆಯ ನಡುದಾರಿ, ಏಕೆಂದರೆ ಕತ್ತಲಲ್ಲಿ ಸಮಯ ತಿಳಿಯಲು ಮುಳ್ಳುಗಳೆರಡು ಮತ್ತು ಹನ್ನೆರಡರ ಗುರುತು ಬೆಳಗಿದರೂ ಕೆಲಸ ನಡೆಯುತ್ತದೆ.

ಮುಳ್ಳು ಕೀಳುವುದಕ್ಕೇ ಧೈರ್ಯ ಸಾಲದವರು ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಸುತ್ತಲಿನ ಅನುಭವಿ ವಾಚ್ ರಿಪೇರಿಯವರ ಬಳಿ ಬಿಚ್ಚುವ ಮತ್ತು ಜೋಡಿಸುವ ಕೆಲಸವನ್ನಷ್ಟೇ ಮಾಡಿಸಿಕೊಂಡು, ಬಣ್ಣವನ್ನು ಮನೆಯಲ್ಲಿ ತುಂಬಬಹುದು. ಹೊಸಬರಿಗೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ, ಏಕೆಂದರೆ ಹೆಚ್ಚಿನ ಹಾನಿ ಆಗುವುದು ಬಣ್ಣ ತುಂಬುವಾಗಲ್ಲ, ಮುಳ್ಳು ಕೀಳುವಾಗ ಡಯಲಿಗೆ ಗೀರು ಬಿದ್ದಾಗ. ಸ್ವತಃ ಕೀಳುವವರು ಮುಳ್ಳುಗಳನ್ನು ಹನ್ನೆರಡರಲ್ಲಿ ಒಂದರ ಮೇಲೊಂದು ಬರುವಂತೆ ತಿರುಗಿಸಿ, ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸೀಳಿ ಅವುಗಳ ಕೆಳಗೆ ಸೇರಿಸಿದ ಮೇಲೆಯೇ ಉಪಕರಣ ಇಡಬೇಕು.

ಪೂರ್ತಿ ಕೆಲಸವನ್ನು ಬೇರೆಯವರಿಗೆ ಒಪ್ಪಿಸುವುದಾದರೆ ಮಾತು ಸ್ಪಷ್ಟವಾಗಿರಲಿ. “ಗುರುತುಗಳಿಗೆ ಮಾತ್ರ ಬಣ್ಣ ತುಂಬಿ, ಡಯಲನ್ನು ಮರುಮುದ್ರಿಸಬೇಡಿ, ತೆಗೆದ ಭಾಗಗಳನ್ನು ಹಿಂದಕ್ಕೆ ಕೊಡಿ” ಎಂದು ಮೊದಲೇ ಹೇಳಿ, ಕೊಡುವ ಮುನ್ನ ಡಯಲಿನ ಚಿತ್ರ ತೆಗೆದಿಟ್ಟುಕೊಳ್ಳಿ. ಪರಿಚಯದವರೊಬ್ಬರ ಹಳೆಯ ಗಡಿಯಾರ ‘ಹೊಸದರಂತೆ ಮಾಡಿಕೊಡುತ್ತೇವೆ’ ಎಂಬ ಭರವಸೆಯ ಮೇಲೆ ಹೋಗಿ, ದಪ್ಪ ಅಕ್ಷರಗಳಲ್ಲಿ ಮರುಮುದ್ರಿತವಾಗಿ ಹಿಂದಿರುಗಿತು. ಮೂಲ ಮುದ್ರಣವನ್ನು ಅಳಿಸಿಯಾಗಿದ್ದರಿಂದ ಮಾಡಲು ಏನೂ ಉಳಿದಿರಲಿಲ್ಲ.

ಜೋಡಿಸಿದ ನಂತರ

ಕೊನೆಯ ಪದರ ತುಂಬಿದ ಮೇಲೆ ಕನಿಷ್ಠ ಒಂದು ಪೂರ್ತಿ ದಿನ ಕಾಯದೆ ಗಾಜು ಮುಚ್ಚಬಾರದು. ಹಸಿ ವಾರ್ನಿಷಿನ ಆವಿ ಗಾಜಿನ ಒಳಬದಿಯಲ್ಲಿ ಮಂಜಿನಂತೆ ಕೂರುತ್ತದೆ. ಮುಳ್ಳುಗಳನ್ನು ಕೂರಿಸಿ, ಚಾವಿ ಎಳೆದು ಹನ್ನೆರಡು ಗಂಟೆಗಳ ಸುತ್ತನ್ನು ನಿಧಾನವಾಗಿ ತಿರುಗಿಸುತ್ತಾ, ಕಣ್ಣನ್ನು ಡಯಲಿನ ಮಟ್ಟಕ್ಕೆ ತಂದು ಎಲ್ಲಿಯೂ ತಾಗುತ್ತಿಲ್ಲವೆಂದು ಪಕ್ಕದಿಂದ ನೋಡಬೇಕು. ಹಿಂಬದಿಯ ರಬ್ಬರ್ ಉಂಗುರಕ್ಕೆ ಸಿಲಿಕಾನ್ ಗ್ರೀಸ್ ಸವರಿ ಮುಚ್ಚಿದರೂ, ಒತ್ತಡದ ಪರೀಕ್ಷೆ ಮಾಡಿಸುವವರೆಗೆ ಆ ಗಡಿಯಾರವನ್ನು ನೀರಿನಿಂದ ದೂರವಿಡಿ.

ನನ್ನ ಬಳಿಯಿರುವ ಎರಡು ಗಡಿಯಾರಗಳಿಗೆ ನಾನು ಎರಡು ಬೇರೆ ದಾರಿಗಳನ್ನೇ ಆರಿಸಿಕೊಂಡೆ. ಹಳೆಯ ಶೈಲಿಯ ಹೊಸ ಗಡಿಯಾರಕ್ಕೆ ಸಿ3 ಪುಡಿಯನ್ನು ಎರಡು ಪದರ ತುಂಬಿದ್ದೇನೆ, ಬೆಳಗಿನ ಜಾವ ಐದಕ್ಕೆ ಎಚ್ಚರವಾದಾಗಲೂ ದೀಪ ಹಾಕದೆ ಮುಳ್ಳುಗಳನ್ನು ಓದಬಹುದು. ತಂದೆಯವರ ಎಚ್‌ಎಂಟಿ ಪೈಲಟನ್ನು ತೆರೆದಿಲ್ಲ. ಅದರ ಗುರುತುಗಳಲ್ಲಿರುವುದು ಏನೆಂದು ನಿಶ್ಚಯವಾಗುವವರೆಗೆ ಅದು ಮುಚ್ಚಿದ ಗಾಜಿನ ಹಿಂದೆ, ಕಂದಿದ ಅಂಕಿಗಳೊಂದಿಗೆ, ಹಾಗೆಯೇ ಇರುತ್ತದೆ. ವಾರಕ್ಕೊಮ್ಮೆ ಚಾವಿ ಕೊಡುತ್ತೇನೆ.